ಮಗು ಮಾತ್ರೆ ಬೇಡವೆಂದಾಗ: ಎಡಿಎಚ್‌ಡಿ ಔಷಧಿಯ ಕುರಿತು ಒಂದು ಅಧ್ಯಯನ ಟಿಪ್ಪಣಿ

ವಿಶೇಷ ಶಿಕ್ಷಣ, ಮನಶ್ಶಾಸ್ತ್ರ ಅಥವಾ ನರ್ಸಿಂಗ್ ಓದುತ್ತಿರುವ ನಮಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ಆತುರ ಕಾಣುವ ಬೆಳವಣಿಗೆಯ ತೊಂದರೆ) ಪಾಠದಲ್ಲಿ ಔಷಧಿಯ ಹೆಸರು, ಪ್ರಮಾಣ, ಅಡ್ಡಪರಿಣಾಮ ಎಲ್ಲವೂ ಸಿಗುತ್ತವೆ. ಬೆಳಿಗ್ಗೆ ಶಾಲೆಯ ವ್ಯಾನ್ ಬರುವ ಹೊತ್ತಿಗೆ ಏಳು ವರ್ಷದ ಮಗು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡು ಕುಳಿತರೆ ತಾಯಿ ಏನು ಮಾಡಬೇಕು ಎಂಬುದು ಮಾತ್ರ ಸಿಗುವುದಿಲ್ಲ. ಪಾಲಕರು ನಮ್ಮನ್ನು ಕೇಳುವುದು ಹೆಚ್ಚಾಗಿ ಇದನ್ನೇ. ಮಗುವಿನ ‘ಬೇಡ’ಕ್ಕೆ ಉಪಾಯ ಹುಡುಕುವ ಮೊದಲು ಕಾರಣ ಹುಡುಕಬೇಕು ಎಂಬುದು ಈ ಟಿಪ್ಪಣಿಯ ಮುಖ್ಯ ಮಾತು. ಔಷಧಿ ಯಾವುದು, ಎಷ್ಟು ಎಂಬ ತೀರ್ಮಾನ ಮಗುವನ್ನು ಪರೀಕ್ಷಿಸಿದ ವೈದ್ಯರದು. ಇಲ್ಲಿ ಬರುವ ಅಂಕಿಗಳು ನಮ್ಮ ಓದಿಗಷ್ಟೇ.

ಔಷಧಿಯ ಬಗ್ಗೆ ತಿಳಿದಿರಬೇಕಾದಷ್ಟು

ನಮ್ಮ ದೇಶದಲ್ಲಿ ಎಡಿಎಚ್‌ಡಿಗೆ ಮುಖ್ಯವಾಗಿ ಬರೆದುಕೊಡುವುದು ಮೆಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್. ಕೆಲವು ಮಕ್ಕಳಿಗೆ ಕ್ಲೋನಿಡಿನ್. ಮೆಥೈಲ್‌ಫೆನಿಡೇಟ್ ಮಿದುಳಿನಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರಿನಾಲಿನ್ ಎಂಬ ಸಂದೇಶವಾಹಕ ರಾಸಾಯನಿಕಗಳು ನರಕೋಶಗಳೊಳಗೆ ಮರಳಿ ಹೀರಿಕೊಳ್ಳಲ್ಪಡುವುದನ್ನು ತಡೆಯುತ್ತದೆ. ಸಾದಾ ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಆರಂಭಿಸಿ, ಸುಮಾರು ನಾಲ್ಕು ಗಂಟೆಗಳಲ್ಲಿ ಮುಗಿಸುತ್ತದೆ. ಅಟೊಮಾಕ್ಸೆಟಿನ್‌ನ ಪೂರ್ಣ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಆದ್ದರಿಂದ ‘ಒಂದು ವಾರ ಕೊಟ್ಟೆವು, ಏನೂ ಆಗಲಿಲ್ಲ’ ಎಂದು ಮನೆಯವರೇ ಅದನ್ನು ನಿಲ್ಲಿಸುವುದು ಸರಿಯಲ್ಲ.

‘ಇದೆಲ್ಲ ಈಗ ಹೊಸದಾಗಿ ಬಂದ ಕಾಯಿಲೆ, ಹೊಸದಾಗಿ ಬಂದ ಮಾತ್ರೆ’ ಎಂದು ಮನೆಯ ಹಿರಿಯರು ಹೇಳುವುದುಂಟು. ಮೆಥೈಲ್‌ಫೆನಿಡೇಟನ್ನು ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಝೋನ್ ತಯಾರಿಸಿದ್ದು 1944ರಲ್ಲಿ. ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ ಇದೇ ಉತ್ತೇಜಕ ವರ್ಗದ ಇನ್ನೊಂದು ಔಷಧಿಯಿಂದ ಮಕ್ಕಳ ಕಲಿಕೆ ಮತ್ತು ವರ್ತನೆಯಲ್ಲಿ ಆದ ಬದಲಾವಣೆಯನ್ನು ವರದಿ ಮಾಡಿದ್ದು 1937ರಲ್ಲಿ. ಅಜ್ಜಿಯ ಆತಂಕವನ್ನು ತಳ್ಳಿಹಾಕದೆ ಈ ಇಸವಿಗಳನ್ನು ಸುಮ್ಮನೆ ಮುಂದಿಟ್ಟರೆ ಮಾತು ಮುಂದುವರಿಯುತ್ತದೆ.

ವಯಸ್ಸಿನ ವಿಚಾರದಲ್ಲಿ ಎಚ್ಚರ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಯ ಪ್ರಕಾರ, ನಾಲ್ಕೈದು ವರ್ಷದ ಮಕ್ಕಳಿಗೆ ಮೊದಲು ಕೊಡಬೇಕಾದದ್ದು ಪಾಲಕರಿಗೆ ವರ್ತನಾ ನಿರ್ವಹಣೆಯ ತರಬೇತಿ. ಅದು ಸಾಲದಿದ್ದರೆ ಮಾತ್ರ ಔಷಧಿಯ ಯೋಚನೆ. ಶಾಲಾಪೂರ್ವ ವಯಸ್ಸಿನ ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧಿಯ ಫಲ ದೊಡ್ಡ ಮಕ್ಕಳಲ್ಲಿ ಕಾಣುವುದಕ್ಕಿಂತ ಕಡಿಮೆಯಿತ್ತು, ತೊಂದರೆಗಳು ಹೆಚ್ಚಿದ್ದವು. ಎಡಿಎಚ್‌ಡಿಯ ಜೊತೆ ಆಟಿಸಂ ಲಕ್ಷಣಗಳೂ ಇರುವ 72 ಮಕ್ಕಳಿಗೆ ಮೆಥೈಲ್‌ಫೆನಿಡೇಟ್ ಕೊಟ್ಟು ನೋಡಿದ 2005ರ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಪ್ರಯೋಜನವಾಯಿತು. ಶೇಕಡಾ 18ರಷ್ಟು ಮಕ್ಕಳು ಅಡ್ಡಪರಿಣಾಮದಿಂದಾಗಿ, ಅದರಲ್ಲೂ ಕಿರಿಕಿರಿಯಿಂದಾಗಿ, ಔಷಧಿ ಬಿಡಬೇಕಾಯಿತು. ಇಂಥ ಮಗು ಮಾತ್ರೆ ಬೇಡವೆಂದರೆ ‘ಹಟ’ ಎಂದು ಬರೆದುಕೊಳ್ಳುವ ಮೊದಲು ನಮಗೆ ಈ ಸಂಖ್ಯೆ ನೆನಪಾಗಬೇಕು.

ಬೇಡವೆನ್ನುವುದರ ಹಿಂದೆ

ಕಾರಣಗಳು ಬೇರೆ ಬೇರೆಯಾಗಿದ್ದರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ: ಮುಖ ತಿರುಗಿಸುವುದು, ಉಗುಳುವುದು, ಮಂಚದ ಕೆಳಗೆ ಹೋಗಿ ಕೂರುವುದು. ಒಂದು ಮಗುವಿಗೆ ಮಾತ್ರೆಯ ಕಹಿ ಸಹಿಸಲಾಗುವುದಿಲ್ಲ; ನಮಗೆ ಕ್ಷಣದಲ್ಲಿ ಮರೆತುಹೋಗುವ ಆ ರುಚಿ, ಇಂದ್ರಿಯ ಸಂವೇದನೆ ತೀಕ್ಷ್ಣವಾಗಿರುವ ಮಗುವಿನ ನಾಲಿಗೆಯಲ್ಲಿ ಮುಂದಿನ ಊಟದವರೆಗೂ ಉಳಿದಿರಬಹುದು. ಇನ್ನೊಂದು ಮಗುವಿಗೆ ರುಚಿ ತೊಂದರೆಯಲ್ಲ, ಗಟ್ಟಿ ವಸ್ತುವನ್ನು ಅಗಿಯದೆ ನುಂಗುವುದು ಹೇಗೆಂದೇ ತಿಳಿಯದು; ಇಷ್ಟು ದಿನ ‘ಚೆನ್ನಾಗಿ ಅಗಿದು ತಿನ್ನು’ ಎಂದು ಹೇಳಿಕೊಟ್ಟವರು ನಾವೇ. ಮತ್ತೊಂದು ಮಗು ಆಡುತ್ತಿದ್ದ ಆಟದ ನಡುವೆ ಕೈಹಿಡಿದು ಎಬ್ಬಿಸಿದ್ದಕ್ಕೆ ಸಿಟ್ಟಾಗಿದೆ, ಮಾತ್ರೆಗೂ ಆ ಸಿಟ್ಟಿಗೂ ಸಂಬಂಧವೇ ಇಲ್ಲ. ಇನ್ನೂ ಕೆಲವು ಮಕ್ಕಳಿಗೆ ಮಾತ್ರೆ ನುಂಗಿದ ದಿನ ಹೊಟ್ಟೆ ನೋಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆದರೆ ದೇಹದೊಳಗಿನ ಅನುಭವವನ್ನು ಗುರುತಿಸಿ ಹೇಳುವುದು ಅವುಗಳಿಗೆ ಕಷ್ಟ; ಮಾತಿಗೆ ಬಾರದ ನೋವು ನಿರಾಕರಣೆಯಾಗಿ ಹೊರಬರುತ್ತದೆ.

ಯಾವುದೆಂದು ತಿಳಿಯಲು ಸಮಯವನ್ನು ಗಮನಿಸುವುದು ಒಳ್ಳೆಯ ದಾರಿ. ಮೊದಲ ದಿನದಿಂದಲೂ ಬೇಡವೆನ್ನುವ ಮಗುವಿಗೂ, ಮೂರು ವಾರ ಸುಮ್ಮನೆ ತೆಗೆದುಕೊಂಡು ನಾಲ್ಕನೇ ವಾರ ಬೇಡವೆನ್ನುವ ಮಗುವಿಗೂ ಕಾರಣ ಒಂದೇ ಆಗಿರುವ ಸಂಭವ ಕಡಿಮೆ. ಎರಡನೆಯದರಲ್ಲಿ ಪ್ರಮಾಣ ಹೆಚ್ಚಿಸಿದ್ದಾರೆಯೇ, ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಅಥವಾ ಗಾತ್ರ ಬೇರೆಯಾಗಿದೆಯೇ, ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೇ ಎಂದು ವಿಚಾರಿಸಬೇಕು. ಬಿಳಿ ಮಾತ್ರೆ ಒಗ್ಗಿದ ಆಟಿಸಂ ಇರುವ ಮಗುವಿಗೆ ಅದೇ ಔಷಧಿ ಹಳದಿ ಬಣ್ಣದಲ್ಲಿ ಬಂದರೆ ಅದು ಬೇರೆಯದೇ ವಸ್ತು. ‘ಎರಡೂ ಒಂದೇ’ ಎಂಬ ನಮ್ಮ ಭರವಸೆ ಅದರ ಕಣ್ಣಿಗೆ ಕಾಣುತ್ತಿರುವುದಕ್ಕೆ ವಿರುದ್ಧವಾಗಿರುತ್ತದೆ. ಹೊಸ ಸ್ಟ್ರಿಪ್ ತಂದ ದಿನವೇ, ಕೊಡುವ ಹೊತ್ತಿಗೆ ಮುಂಚೆ, ಹಳೆಯದರ ಪಕ್ಕ ಇಟ್ಟು ತೋರಿಸುವುದು ಮೇಲು.

ಮಾತ್ರೆಯ ರೂಪ

ಮಗು ನುಂಗುತ್ತಿಲ್ಲವೆಂದಾಗ ಮನೆಯಲ್ಲಿ ಮೊದಲು ನಡೆಯುವುದು ಮಾತ್ರೆಯನ್ನು ಪುಡಿ ಮಾಡುವ ಕೆಲಸ. ಸಾದಾ ಮೆಥೈಲ್‌ಫೆನಿಡೇಟ್ ಮಾತ್ರೆಯ ವಿಷಯದಲ್ಲಿ ವೈದ್ಯರು ಇದಕ್ಕೆ ಒಪ್ಪಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳ ವಿಷಯ ಹಾಗಲ್ಲ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂಬ ಅಕ್ಷರಗಳಿದ್ದರೆ ಅದನ್ನು ಅರೆಯುವುದು, ಅಗಿಯುವುದು ಎರಡೂ ಕೂಡದು, ಏಕೆಂದರೆ ಹಲವು ಗಂಟೆಗಳ ಕಾಲ ಹಂಚಿಕೊಂಡು ಹೊರಬರಬೇಕಾದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಕಾಳುಗಳಿರುವ ಕೆಲವು ಕ್ಯಾಪ್ಸೂಲ್‌ಗಳನ್ನು ಮಾತ್ರ ಬಿಡಿಸಿ, ಒಂದು ಚಮಚ ಮೆತ್ತನೆಯ ಆಹಾರದ ಮೇಲೆ ಉದುರಿಸಿ ಕೂಡಲೇ ಕೊಡಬಹುದು. ಆ ಕಾಳುಗಳನ್ನೂ ಅಗಿಯಬಾರದು. ಅಟೊಮಾಕ್ಸೆಟಿನ್ ಕ್ಯಾಪ್ಸೂಲನ್ನು ಬಿಡಿಸಲೇಬಾರದು: ಒಳಗಿನ ಪುಡಿ ಕಣ್ಣಿಗೆ ತಗುಲಿದರೆ ಉರಿ ತರುತ್ತದೆ. ಇಷ್ಟು ವ್ಯತ್ಯಾಸಗಳಿರುವುದರಿಂದ ನಾವು ಪಾಲಕರಿಗೆ ಹೇಳಬೇಕಾದದ್ದು, ಸ್ಟ್ರಿಪ್ಪನ್ನೇ ಹಿಡಿದುಕೊಂಡು ಹೋಗಿ ‘ಇದನ್ನು ಮುರಿಯಬಹುದೇ, ಬಿಡಿಸಬಹುದೇ’ ಎಂದು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ ಎಂದು. ಒಂದು ಬಗೆಯ ದೀರ್ಘಾವಧಿ ಮಾತ್ರೆಯ ಹೊರಕವಚ ಕರಗದೆ ಮಲದಲ್ಲಿ ಹಾಗೆಯೇ ಹೊರಬರುತ್ತದೆ. ಅದನ್ನು ಕಂಡು ‘ಮಾತ್ರೆ ಜೀರ್ಣವೇ ಆಗಿಲ್ಲ’ ಎಂದು ಇನ್ನೊಂದು ಕೊಟ್ಟುಬಿಡುವ ಅಪಾಯವಿದೆ. ಅದರೊಳಗಿನ ಔಷಧಿ ಆಗಲೇ ದೇಹ ಸೇರಿರುತ್ತದೆ.

ಅಮೆರಿಕದ ಪಾಲಕರ ಸಲಹೆಗಳನ್ನು ಅಂತರ್ಜಾಲದಲ್ಲಿ ಓದಿ ‘ಕಿತ್ತಳೆ ರಸದ ಜೊತೆ ಕೊಡಬಾರದಂತೆ’ ಎಂದು ಕೇಳುವವರಿದ್ದಾರೆ. ಆ ಎಚ್ಚರಿಕೆ ಮುಖ್ಯವಾಗಿ ಅಲ್ಲಿ ಎಡಿಎಚ್‌ಡಿಗೆ ಕೊಡುವ ಆಂಫೆಟಮಿನ್ ವರ್ಗದ ಔಷಧಿಗಳಿಗೆ ಸಂಬಂಧಿಸಿದ್ದು. ಮೆಥೈಲ್‌ಫೆನಿಡೇಟ್ ತೆಗೆದುಕೊಳ್ಳುವ ನಮ್ಮ ಮಕ್ಕಳ ಹೆತ್ತವರು ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನುಂಗುವುದನ್ನು ಕಲಿಸುವುದು

ಇದು ಸೈಕಲ್ ಹೊಡೆಯುವಂತೆಯೇ ಕಲಿಸಿದರೆ ಬರುವ ಕೌಶಲ. ನಾವು ಪಾಠದಲ್ಲಿ ಓದುವ ಹಂತಹಂತದ ರೂಪಿಸುವಿಕೆ ಎಂಬ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಭ್ಯಾಸ ಔಷಧಿಯ ಹೊತ್ತಿನಲ್ಲಿ ನಡೆಯಬಾರದು. ಸಂಜೆ, ಮಗು ಸಮಾಧಾನವಾಗಿರುವಾಗ, ಐದು ನಿಮಿಷ ಸಾಕು. ಮೊದಲು ಬರೀ ಒಂದು ಗುಟುಕು ನೀರು. ಆಮೇಲೆ ಚೆನ್ನಾಗಿ ಬೆಂದ ಸಣ್ಣ ಸಬ್ಬಕ್ಕಿಯ ಒಂದೇ ಒಂದು ಕಾಳನ್ನು ನಾಲಿಗೆಯ ನಡುವಿಟ್ಟು, ಅಗಿಯದೆ ನೀರಿನೊಂದಿಗೆ ನುಂಗುವುದು. ಅದು ಸಲೀಸಾದ ಮೇಲೆ ಹೋಟೆಲಿನ ಕೌಂಟರಿನಲ್ಲಿಡುವ ಸಕ್ಕರೆ ಲೇಪದ ಸೋಂಪಿನ ಒಂದು ಕಾಳು, ನಂತರ ಅದಕ್ಕಿಂತ ತುಸು ದೊಡ್ಡದು, ಕೊನೆಗೆ ಮಾತ್ರೆಯ ಗಾತ್ರದ್ದು. ಒಂದು ಗಾತ್ರ ಹಲವು ಬಾರಿ ತೊಡಕಿಲ್ಲದೆ ಒಳಗೆ ಹೋದ ಮೇಲಷ್ಟೇ ಮುಂದಿನದು. ತಡವರಿಸಿದರೆ ಹಿಂದಿನ ಗಾತ್ರಕ್ಕೆ ಮರಳಿ, ಗೆದ್ದ ಹಂತದಲ್ಲೇ ಆ ದಿನದ ಅಭ್ಯಾಸ ನಿಲ್ಲಿಸಬೇಕು.

ಮಗು ನೆಟ್ಟಗೆ ಕುಳಿತಿರಬೇಕು, ನಗುತ್ತ ಓಡಾಡುತ್ತ ಅಲ್ಲ, ಮತ್ತು ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ನಮ್ಮಲ್ಲಿ ಹಲವರು ಮಾಡುವಂತೆ ತಲೆಯನ್ನು ಹಿಂದಕ್ಕೆ ಎತ್ತಿ ನೀರು ಸುರಿಯುವುದು ಸರಿಯಲ್ಲ. ಕ್ಯಾಪ್ಸೂಲ್ ನೀರಿನಲ್ಲಿ ತೇಲುವ ವಸ್ತು. ನೀರು ಬಾಯಿಯಲ್ಲಿರುವಾಗ ಗದ್ದವನ್ನು ಸ್ವಲ್ಪ ಎದೆಯ ಕಡೆ ಬಾಗಿಸಿದರೆ ಅದು ಗಂಟಲ ಕಡೆಗೆ ತೇಲಿ ಬರುತ್ತದೆ. ಬರೀ ನೀರು ಕುಡಿದರೂ ಕೆಮ್ಮುವ, ಪದೇ ಪದೇ ಗಂಟಲಿಗೆ ಸಿಕ್ಕಿಸಿಕೊಳ್ಳುವ ಮಗುವಿಗೆ ಈ ಅಭ್ಯಾಸವನ್ನು ಆರಂಭಿಸದೆ, ನುಂಗುವಿಕೆಯ ತೊಂದರೆಗಳನ್ನು ನೋಡುವ ವಾಕ್-ಭಾಷಾ ತಜ್ಞರ ಬಳಿ ಕಳುಹಿಸಬೇಕು.

ಕೈಕಾಲು ಹಿಡಿದು, ಮೂಗು ಮುಚ್ಚಿ, ಒಳಲೆಯಲ್ಲಿ ಔಷಧಿ ಹುಯ್ದು ಬೆಳೆಸಿದ ತಲೆಮಾರಿಗೆ ಈ ನಿಧಾನ ವಿಚಿತ್ರವಾಗಿ ಕಾಣಬಹುದು. ಅಳುವ ಮಗುವಿನ ಬಾಯಿಗೆ ಬಲವಂತವಾಗಿ ಹಾಕಿದ ಔಷಧಿ ಶ್ವಾಸನಾಳಕ್ಕೆ ಹೋಗುವ ಅಪಾಯ ನಿಜವಾದದ್ದು. ಜೊತೆಗೆ, ಎರಡು ದಿನದ ಜ್ವರಕ್ಕೆ ನಡೆದುಹೋಗುವ ಬಲವಂತ, ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ಮಾತ್ರೆಗೆ ನಡೆಯುವುದಿಲ್ಲ.

ಬಚ್ಚಿಟ್ಟು ಕೊಡಬಹುದೇ?

ಮಗುವಿಗೆ ಗೊತ್ತಿದ್ದೇ ಒಂದು ಚಮಚ ಮೊಸರಲ್ಲಿ ಮಾತ್ರೆ ಇಟ್ಟುಕೊಡುವುದು ಬೇರೆ, ಗೊತ್ತಾಗದಂತೆ ದೋಸೆಯೊಳಗೆ ಸೇರಿಸುವುದು ಬೇರೆ. ಎರಡನೆಯದು ನನ್ನ ದೃಷ್ಟಿಯಲ್ಲಿ ತಪ್ಪು, ಮತ್ತು ಕಾರಣ ನೈತಿಕವಷ್ಟೇ ಅಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳು ತಿನ್ನುವುದೇ ಏಳೆಂಟು ಬಗೆ. ಆ ಏಳೆಂಟರಲ್ಲಿ ಒಂದರೊಳಗೆ ಕಹಿ ಸಿಕ್ಕಿತೆಂದರೆ ಮಗು ಮಾತ್ರೆಯನ್ನಷ್ಟೇ ಅಲ್ಲ, ಆ ತಿನಿಸನ್ನೂ ಕೈಬಿಡುತ್ತದೆ, ಕೆಲವೊಮ್ಮೆ ಬಡಿಸಿದವರ ಕೈಯನ್ನೂ ನಂಬದಾಗುತ್ತದೆ. ಹಸಿವನ್ನೇ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವ ಮಗು ಒಂದು ಆಹಾರವನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಮಾತ್ರೆಯನ್ನು ಮಿಠಾಯಿ ಎಂದು ಕರೆಯುವುದೂ ಬೇಡ. ಡಬ್ಬಿ ಕೈಗೆ ಸಿಕ್ಕ ದಿನ ಮಗು, ಇಲ್ಲವೇ ಅದರ ತಂಗಿ, ಮಿಠಾಯಿಯೆಂದೇ ತಿಂದುಬಿಡಬಹುದು. ಅಭ್ಯಾಸಕ್ಕೆ ಸೋಂಪು ಬಳಸುವಾಗಲೂ ‘ಇದು ಅಭ್ಯಾಸದ್ದು, ಅದು ಔಷಧಿ’ ಎಂಬ ಗೆರೆ ಸ್ಪಷ್ಟವಾಗಿರಲಿ. ಔಷಧಿ ಬೀಗವಿರುವ ಕಪಾಟಿನಲ್ಲಿರಲಿ.

ಮಗುವಿಗೆ ಏನು ಹೇಳಬೇಕು? ‘ನೀನು ಗಲಾಟೆ ಮಾಡ್ತೀಯಲ್ಲ, ಅದಕ್ಕೆ ಈ ಮಾತ್ರೆ’ ಎಂಬುದು ಅತಿ ಸುಲಭವಾಗಿ ಬಾಯಿಗೆ ಬರುವ, ಅತಿ ಹೆಚ್ಚು ಹಾನಿ ಮಾಡುವ ವಾಕ್ಯ. ‘ಟೀಚರ್ ಹೇಳೋದು ಕೇಳಿಸ್ಕೊಳ್ಳೋವಾಗ ನಿನ್ನ ತಲೆಗೆ ಬೇರೆ ಬೇರೆ ಯೋಚನೆ ಬರುತ್ತಲ್ಲ ಪುಟ್ಟ, ಒಂದೊಂದಾಗಿ ನೋಡೋಕೆ ಇದು ಸಹಾಯ ಮಾಡುತ್ತೆ; ಹೊಟ್ಟೆ ನೋವು ಗಿಟ್ಟೆ ನೋವು ಬಂದ್ರೆ ನಂಗೆ ಹೇಳು’ ಎಂದರೆ ಏಳು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಮಗು ತಪ್ಪು ಮಾಡಿದಾಗಲೆಲ್ಲ ‘ಇವತ್ತು ಮಾತ್ರೆ ತಗೊಂಡಿಲ್ವಾ?’ ಎಂದು ಎಲ್ಲರೆದುರು ಕೇಳುವ ಅಭ್ಯಾಸ ಮನೆಯಲ್ಲೂ ಶಾಲೆಯಲ್ಲೂ ಇದೆ. ಸಿಟ್ಟು ಮಾಡುವ ಹಕ್ಕೂ ತನಗಿಲ್ಲವೆಂದು ಆ ಮಗು ಕಲಿಯುತ್ತದೆ. ಮಾತ್ರೆ ತೆಗೆದುಕೊಳ್ಳುವುದು ಐಚ್ಛಿಕವಲ್ಲದಿದ್ದರೂ, ನೀರೋ ಮಜ್ಜಿಗೆಯೋ, ತಿಂಡಿಯ ಜೊತೆಯೋ ತಿಂಡಿಯ ಮೇಲೋ ಎಂಬ ಆಯ್ಕೆಗಳು ಮಗುವಿನ ಕೈಯಲ್ಲಿರಬಹುದು. ಗೋಡೆಯ ಮೇಲೆ ಬೆಳಗಿನ ಕೆಲಸಗಳ ಚಿತ್ರಪಟ್ಟಿ ಹಾಕಿ, ಅದರಲ್ಲಿ ಮಾತ್ರೆಯ ಚಿತ್ರವನ್ನೂ ಅದರ ನಂತರ ಮಗುವಿಗೆ ಪ್ರಿಯವಾದ ಯಾವುದಾದರೂ ಚಟುವಟಿಕೆಯನ್ನೂ ಇಟ್ಟರೆ, ದಿನದಿನದ ಚೌಕಾಸಿ ಕಡಿಮೆಯಾಗುತ್ತದೆ.

ಊಟ, ನಿದ್ರೆ, ಶಾಲೆ

ಮೆಥೈಲ್‌ಫೆನಿಡೇಟ್ ಹಸಿವನ್ನು ಕುಗ್ಗಿಸುವುದರಿಂದ ತಿಂಡಿ ಮೊದಲು, ಮಾತ್ರೆ ಆಮೇಲೆ ಅಥವಾ ತಿಂಡಿಯ ಜೊತೆ ಎಂದು ಹೆಚ್ಚಿನ ವೈದ್ಯರು ಹೇಳುತ್ತಾರೆ. ಬೆಳಿಗ್ಗೆ ತುಪ್ಪ ಹಾಕಿದ ದೋಸೆ, ಮೊಟ್ಟೆ, ಶೇಂಗಾ ಚಟ್ನಿಯಂಥ ಶಕ್ತಿಭರಿತ ತಿಂಡಿಯಿರಲಿ. ಮಧ್ಯಾಹ್ನದ ಡಬ್ಬಿ ಅರ್ಧ ಉಳಿದು ಬಂದರೆ ಬೈಯದೆ, ಔಷಧಿ ಇಳಿದು ಹಸಿವು ಮರಳುವ ಸಂಜೆಯ ಹೊತ್ತಿಗೆ ಇನ್ನೊಂದು ಸರಿಯಾದ ಊಟ ಕೊಡಬೇಕು. ಬೆಳಗಿನ ಮಾತ್ರೆ ಮರೆತರೆ ಸಂಜೆ ಕೊಡುವುದಾಗಲಿ, ಮರುದಿನ ಎರಡು ಕೊಡುವುದಾಗಲಿ ಕೂಡದು. ಮಗು ವಾಂತಿ ಮಾಡಿಕೊಂಡರೂ ವೈದ್ಯರನ್ನು ಕೇಳದೆ ಮತ್ತೊಂದು ಕೊಡಬಾರದು.

ದಿನಕ್ಕೆ ಎರಡು ಬಾರಿ ಸಾದಾ ಮಾತ್ರೆಯಿದ್ದರೆ ಎರಡನೆಯದು ಬಿಸಿಯೂಟದ ಹೊತ್ತಿಗೆ ಬೀಳುತ್ತದೆ. ಅದನ್ನು ಮಗುವಿನ ಬ್ಯಾಗಿನಲ್ಲಿ ಕಳುಹಿಸಬಾರದು. ವೈದ್ಯರ ಚೀಟಿಯ ಪ್ರತಿಯೊಂದಿಗೆ ಒಬ್ಬ ಶಿಕ್ಷಕರ ಕೈಗೆ ಕೊಡಬೇಕು, ಅವರು ಅದನ್ನು ಎಲ್ಲರೆದುರು ಹೆಸರು ಕೂಗದೆ ಕೊಡಬೇಕು. ಅದು ಸಾಧ್ಯವಿಲ್ಲದ ಶಾಲೆಯಿದ್ದರೆ ದೀರ್ಘಾವಧಿ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಮಾತಾಡಲು ಅದೇ ಸಾಕಷ್ಟು ಕಾರಣ.

ಮೆಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್‌ಗೆ, ಅಂದರೆ ಮಾರಾಟದ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವಿರುವ ಔಷಧಿಗಳ ಸರ್ಕಾರಿ ಪಟ್ಟಿಗೆ, ಸೇರಿದ ಔಷಧಿ. ಚೀಟಿ ಎರಡು ಪ್ರತಿಗಳಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಎಲ್ಲ ಅಂಗಡಿಗಳೂ ಇದನ್ನು ಇಡುವುದಿಲ್ಲವಾದ್ದರಿಂದ ತಾಲ್ಲೂಕು ಕೇಂದ್ರದಿಂದ ದೂರವಿರುವ ಕುಟುಂಬಗಳು ಸ್ಟ್ರಿಪ್ ಮುಗಿಯುವ ಒಂದು ವಾರ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು.

ಬರೆದಿಡುವುದು

1999ರಲ್ಲಿ ಪ್ರಕಟವಾದ ಎಂಟಿಎ ಎಂಬ ಅಮೆರಿಕದ ಅಧ್ಯಯನದಲ್ಲಿ 579 ಮಕ್ಕಳನ್ನು 14 ತಿಂಗಳು ನೋಡಿದರು. ತಿಂಗಳಿಗೊಮ್ಮೆ ಕರೆಸಿ, ವಿಚಾರಿಸಿ, ಪ್ರಮಾಣವನ್ನು ಹೊಂದಿಸಿದ ಗುಂಪಿನ ಮಕ್ಕಳು, ಊರಿನ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಸುಧಾರಿಸಿದರು. ಆ ಮಾಮೂಲಿ ಗುಂಪಿನಲ್ಲೂ ಬಹುಪಾಲು ಮಕ್ಕಳು ಔಷಧಿ ತೆಗೆದುಕೊಳ್ಳುತ್ತಿದ್ದರು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಹಾಗಾಗಿ ಮನೆಯಲ್ಲೊಂದು ನೋಟ್‌ಬುಕ್ ಇರಬೇಕು: ಮಾತ್ರೆ ಕೊಟ್ಟ ಗಂಟೆ, ತಿಂದದ್ದು, ಮಲಗಿದ ಹೊತ್ತು, ಸಂಜೆಯ ಕಿರಿಕಿರಿ, ಮಗು ತಾನಾಗಿ ಹೇಳಿದ ಮಾತು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಂತೆ, ಹತ್ತು ವರ್ಷದ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ತೂಕವನ್ನು ಮೂರು ತಿಂಗಳಿಗೊಮ್ಮೆ, ಎತ್ತರವನ್ನು ಆರು ತಿಂಗಳಿಗೊಮ್ಮೆ ನೋಡಬೇಕು. ನಾಡಿಬಡಿತ ಮತ್ತು ರಕ್ತದೊತ್ತಡವನ್ನು ಪ್ರಮಾಣ ಬದಲಿಸಿದಾಗಲೆಲ್ಲ, ಹಾಗೂ ಆರು ತಿಂಗಳಿಗೊಮ್ಮೆ ಅಳೆಯಬೇಕು.

ಎದೆನೋವು, ಮೂರ್ಛೆ, ಇಲ್ಲದ್ದು ಕಾಣುವುದು ಕೇಳುವುದು, ಸಾಯುವ ಮಾತು, ಅಟೊಮಾಕ್ಸೆಟಿನ್ ತೆಗೆದುಕೊಳ್ಳುವ ಮಗುವಿನ ಕಣ್ಣು ಹಳದಿಯಾಗುವುದು — ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ವೈದ್ಯರ ಬಳಿ ಹೋಗಬೇಕು. ಕ್ಲೋನಿಡಿನ್ ತೆಗೆದುಕೊಳ್ಳುವ ಮಗು ಅದನ್ನು ಬೇಡವೆಂದು ಎರಡು ದಿನ ಬಿಟ್ಟರೂ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಆ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏರುತ್ತದೆ.