ಹಂದಿಗೋಡು ಕಾಯಿಲೆ: ಏಡಿ, ಎಕ್ಸ್‌ರೇ, ನಡುವೆ ಉಳಿದ ಮಕ್ಕಳು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಂದಿಗೋಡು ಕಾಯಿಲೆ ಯಾಕೆ ಬರುತ್ತದೆ ಅಂತ ಕೇಳಿ ನೋಡಿ. ಗದ್ದೆ ಏಡಿ ತಿಂದು ಬಂದದ್ದು ಅನ್ನುತ್ತಾರೆ ಒಬ್ಬರು. ಔಷಧಿ ಹೊಡೆದ ನೀರಿನಿಂದ ಅನ್ನುತ್ತಾರೆ ಇನ್ನೊಬ್ಬರು. ಅದು ಮನೆತನದಲ್ಲೇ ಇದೆ, ಏನು ಮಾಡಿದರೂ ಹೋಗಲ್ಲ ಅನ್ನುವವರೂ ಇದ್ದಾರೆ. ಇದರಲ್ಲಿ ಯಾವುದೂ ಸುಮ್ನೆ ಹುಟ್ಟಿದ ಮಾತಲ್ಲ. ಐವತ್ತು ವರ್ಷದಲ್ಲಿ ಒಂದಲ್ಲ ಒಂದು ಕಾಲಕ್ಕೆ ತಿಳಿದವರೇ ಇವನ್ನೆಲ್ಲ ಹೇಳಿದ್ದಾರೆ. ಹಳೆಯ ಮಾತು ಹೋಗುವ ಮೊದಲೇ ಹೊಸದು ಬಂದು ಸೇರಿಕೊಂಡಿತು, ಅಷ್ಟೇ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಮಕ್ಕಳ ಎಲುಬಿನ ತುದಿ ಮೊದಲಿಗೆ ಮೆತ್ತಗೆ ಇರುತ್ತದೆ. ಬೆಳೆಯುತ್ತಾ ಗಟ್ಟಿಯಾಗುತ್ತದೆ. ಈ ಕಾಯಿಲೆಯಲ್ಲಿ ಆ ಬೆಳವಣಿಗೆಯೇ ದಾರಿ ತಪ್ಪುತ್ತದೆ. ಗುಂಡಗಿರಬೇಕಾದ ತೊಡೆ ಎಲುಬಿನ ತಲೆ ಚಪ್ಪಟೆಯಾಗುತ್ತದೆ. ಸೊಂಟದ ಕೀಲಿನಲ್ಲಿ ಸಲೀಸಾಗಿ ತಿರುಗದೆ ಸವೆಯುತ್ತದೆ. ಬೆನ್ನುಮೂಳೆಗೂ ತೊಂದರೆ ಬರಬಹುದು. ಸಂಶೋಧಕರು ಇದರಲ್ಲಿ ಮೂರು ಬಗೆ ಗುರುತಿಸಿದ್ದಾರೆ. ಕೆಲವರಲ್ಲಿ ಎತ್ತರ ಹೆಚ್ಚುಕಮ್ಮಿ ಎಲ್ಲರ ಹಾಗೇ ಇದ್ದು, ಸೊಂಟದ ಕೀಲು ಮಾತ್ರ ಬೇಗ ಹಾಳಾಗುತ್ತದೆ. ಕೆಲವರು ಗಿಡ್ಡ ಆಗುತ್ತಾರೆ. ಇನ್ನು ಕೆಲವರು ತೀರಾ ಕುಳ್ಳಗಾಗಿ, ಕೈಕಾಲಿನ ಎಲುಬೂ ಡೊಂಕಾಗುತ್ತದೆ.

ಇದು ಹೊರಗಿನವರ ಕಣ್ಣಿಗೆ ಬಿದ್ದದ್ದು 1974-75ರ ಸುಮಾರಿಗೆ, ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ. ಆಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಊರುಗಳಲ್ಲೂ ಕಂಡಿತು. ಹೆಸರು ಮಾತ್ರ ಹಂದಿಗೋಡಿಗೇ ಅಂಟಿಕೊಂಡಿತು. ಆ ಊರಿಗೆ ಹೆಣ್ಣು ಕೊಡುವಾಗ, ತರುವಾಗ ಜನ ಎರಡು ಸಲ ಯೋಚಿಸುವ ಹಾಗಾಯಿತು.

ನಮ್ಮ ಜಿಲ್ಲೆಗೆ ಅಷ್ಟರಲ್ಲಾಗಲೇ ಒಂದು ಅನುಭವ ಆಗಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ಜ್ವರ ಬಂತು. ಪುಣೆಯ ವಿಜ್ಞಾನಿಗಳು ಬಂದು ವೈರಸ್ ಹಿಡಿದರು, ಹರಡುವುದು ಉಣುಗಿನಿಂದ ಅಂತ ತೋರಿಸಿದರು. ಹಾಗಾಗಿ ಹಂದಿಗೋಡಿನಲ್ಲೂ ಎಲ್ಲರೂ ಮೊದಲು ಹುಡುಕಿದ್ದು ಹೊರಗಿನಿಂದ ಬಂದ ಒಂದು ಕಾರಣವನ್ನೇ ಅಂತ ನನಗೆ ಅನ್ನಿಸುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಬಂದರು. ಇದೇ ಸಂಸ್ಥೆಯವರು ಅದಕ್ಕೂ ಸ್ವಲ್ಪ ಮುಂಚೆ ಆಂಧ್ರದಲ್ಲಿ ಮಕ್ಕಳ ಮೊಣಕಾಲು ಒಳಗೆ ಬಾಗುವುದಕ್ಕೂ ನೀರಿನ ಫ್ಲೋರೈಡಿಗೂ ಇರುವ ನಂಟನ್ನು ತೋರಿಸಿದ್ದರು. ಮಲೆನಾಡಿನ ಕೀಲುನೋವು ಆ ಲೆಕ್ಕಕ್ಕೆ ಹೊಂದಲಿಲ್ಲ. ಆಗ ಮುಂದೆ ಬಂದದ್ದು ಏಡಿ.

ಈ ಏಡಿಯ ಕಾಲದ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು. ಯಾಕೆಂದರೆ ಇವತ್ತಿಗೂ ಜನರ ಬಾಯಲ್ಲಿ ಉಳಿದದ್ದು ಅದೇ. ಕಾಯಿಲೆ ಬಂದ ಕುಟುಂಬಗಳು ಹೆಚ್ಚಾಗಿ ದಲಿತ ಸಮುದಾಯದವು. ಕೂಲಿಯೇ ಜೀವನ. ಮಳೆಗಾಲದಲ್ಲಿ ಅಕ್ಕಿ ಮುಗಿಯುವ ಹೊತ್ತಿಗೆ ಗದ್ದೆ, ಹಳ್ಳದಲ್ಲಿ ಬಿಟ್ಟಿ ಸಿಗುತ್ತಿದ್ದದ್ದು ಏಡಿ, ಮೀನು. ನಾಟಿ ಮುಗಿಸಿ ಬರುವಾಗ ಹಿಡಿದು ತಂದರೆ ರಾತ್ರಿಯ ಸಾರಿಗಾಯಿತು. ಹೊಸ ಮಳೆಗೆ ಮೀನು ಹಳ್ಳ ಹತ್ತಿ ಬರುವ ಹತ್ತುಮೀನಿನ ಕಾಲದಲ್ಲಿ ಕೂಣಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಇಟ್ಟರೆ ಇನ್ನೂ ಅನುಕೂಲ. ಅದೇ ವರ್ಷಗಳಲ್ಲಿ ಹೊಸ ತಳಿಯ ಭತ್ತ ಬಂತು, ಜೊತೆಗೆ ಎಂಡ್ರಿನ್, ಪ್ಯಾರಾಥಿಯಾನ್ ಥರದ ಔಷಧಿಗಳೂ ಬಂದವು. ಗದ್ದೆಗೆ ಹೊಡೆದ ವಿಷ ಏಡಿಗೆ, ಏಡಿಯಿಂದ ಮನುಷ್ಯರಿಗೆ. ಕೇಳಿದ ತಕ್ಷಣ ಸರಿ ಅನ್ನಿಸುತ್ತದೆ, ಅಲ್ವಾ? ಎಂಡ್ರಿನ್ ಕುಡಿದು ಸತ್ತವರ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಅದು ಎಲುಬನ್ನೂ ತಿನ್ನುತ್ತದೆ ಅಂದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ.

ಆದರೆ ಅದೇ ಔಷಧಿಯನ್ನು ಇಡೀ ರಾಜ್ಯದ ಗದ್ದೆಗಳಿಗೆ ಹೊಡೆಯುತ್ತಿದ್ದರು. ಅದೇ ಹಳ್ಳದ ಏಡಿಯನ್ನು ಪಕ್ಕದ ಕೇರಿಯವರೂ ತಿನ್ನುತ್ತಿದ್ದರು. ಅವರ ಕೀಲು ಸರಿಯಾಗೇ ಇತ್ತು. ಒಂದೇ ಮನೆಯಲ್ಲಿ, ಒಂದೇ ಪಾತ್ರೆಯಲ್ಲಿ ಉಂಡ ಅಣ್ಣನಿಗೆ ಕಾಯಿಲೆ, ತಮ್ಮನಿಗೆ ಇಲ್ಲ. ತಮಾಷೆ ಅಂದರೆ, 1970ರ ದಶಕದ ವರದಿಯಲ್ಲೇ ಇದನ್ನು ಕುಟುಂಬಗಳಲ್ಲಿ ಹರಿದು ಬರುವ ಕೀಲುನೋವು ಅಂತ ಕರೆದಿದ್ದರು. ಸುಳಿವು ಕೈಯಲ್ಲೇ ಇತ್ತು. ಊರಿಗೆ ತಲುಪಿದ್ದು ಏಡಿ ಮಾತ್ರ. ಬಡವರ ತಟ್ಟೆಯ ಕಡೆ ಬೊಟ್ಟು ತೋರಿಸುವುದು ಯಾವಾಗಲೂ ಸುಲಭ.

1980ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಡೆಯಿಂದ ದೊಡ್ಡ ಮಟ್ಟದ ಅಧ್ಯಯನ ನಡೆಯಿತು. ಎಕ್ಸ್‌ರೇ ತೆಗೆದರು, ರಕ್ತ ತೆಗೆದರು, ಅಜ್ಜ ಮುತ್ತಜ್ಜನವರೆಗೆ ವಂಶವೃಕ್ಷ ಬರೆದರು. 1990ರ ದಶಕದ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಇದು ವಂಶವಾಹಿಯಿಂದ ಬರುವ ಕಾಯಿಲೆ. ಅಪ್ಪ ಅಥವಾ ಅಮ್ಮ, ಒಬ್ಬರಲ್ಲಿ ಇದ್ದರೂ ಸಾಕು. ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು, ಹೆಣ್ಣು ಅನ್ನುವ ಭೇದ ಇಲ್ಲ. ಮದುವೆಗಳು ಸಣ್ಣ ಬಳಗದೊಳಗೇ ಆಗುವುದರಿಂದ ಕಾಯಿಲೆಯೂ ಅಲ್ಲೇ ಸುತ್ತುತ್ತಿದೆ.

ಗೋಜಲಿನ ಎರಡನೇ ಗಂಟು ಬಿದ್ದದ್ದು ಇಲ್ಲಿ. ವಂಶದಿಂದ ಬರುತ್ತದೆ ಅಂದ ಮಾತು ಊರಿಗೂ ಕಚೇರಿಗಳಿಗೂ ಬೇರೆ ಥರ ಕೇಳಿಸಿತು. ಹಾಗಾದರೆ ಇದಕ್ಕೆ ಮಾಡುವಂಥದ್ದೇನೂ ಇಲ್ಲ ಅಂತ. ಬುಡದಿಂದ ವಾಸಿ ಮಾಡುವ ಔಷಧಿ ಇಲ್ಲ, ನಿಜ. ಆದರೆ ಬೆಳೆಯುವ ಮಗುವಿಗೆ ಮಾಡಬಹುದಾದದ್ದು ಬೇಕಾದಷ್ಟಿದೆ. ಅದಕ್ಕೆ ಗಡುವೂ ಇದೆ. ಎಲುಬಿನ ತುದಿಯ ಬೆಳವಣಿಗೆ ಹದಿಹರೆಯದ ಕೊನೆಗೆ ನಿಲ್ಲುತ್ತದೆ. ಅದಕ್ಕೂ ಮುಂಚೆ ಬಾಗಿದ ಮೊಣಕಾಲಿಗೆ ಒಂದು ಬದಿಯಲ್ಲಿ ಸಣ್ಣ ಪ್ಲೇಟ್ ಕೂರಿಸಿದರೆ, ಉಳಿದ ಬೆಳವಣಿಗೆಯೇ ಕಾಲನ್ನು ನೆಟ್ಟಗೆ ಮಾಡಬಹುದು. ತಡವಾದರೆ ಎಲುಬು ಕತ್ತರಿಸಿ ಜೋಡಿಸಬೇಕು. ಇಂಥ ಕಾಯಿಲೆಗಳಲ್ಲಿ ಕುತ್ತಿಗೆಯ ಮೂಳೆ ಸಡಿಲ ಇರಬಹುದು. ಆದ್ದರಿಂದ ಅರಿವಳಿಕೆ ಕೊಡುವ ಮೊದಲು ಅದನ್ನು ನೋಡಲೇಬೇಕು. ಸೊಂಟದ ಸುತ್ತಲಿನ ಸ್ನಾಯು ಬಲ ಕಳೆದುಕೊಳ್ಳದ ಹಾಗೆ ಫಿಸಿಯೋಥೆರಪಿ ಬೇಕು. ಸೈಕಲ್ ಹೊಡೆಯಬಹುದು. ಗುಡ್ಡದಿಂದ ಸೊಪ್ಪಿನ ಹೊರೆ ಹೊರಬಾರದು. ನಮ್ಮ ಕಡೆ ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಲಿ ಮಾಡಿಸುವುದು ಇದೇ ಕೆಲಸವನ್ನು.

ಸೊಂಟದ ಕೀಲು ಬದಲಿಸುವ ಆಪರೇಷನ್ ಬಗ್ಗೆ ಪೇಪರಿನಲ್ಲಿ ಆಗಾಗ ಬರುತ್ತದೆ. ಅದು ದೊಡ್ಡವರಿಗೆ. ಕೃತಕ ಕೀಲೂ ಸವೆಯುತ್ತದೆ. ಚಿಕ್ಕ ವಯಸ್ಸಿಗೇ ಹಾಕಿದರೆ ಮುಂದೆ ಇನ್ನೊಮ್ಮೆ ಮಾಡಬೇಕಾಗಬಹುದು. ಸ್ವಂತ ಕೀಲು ಎಷ್ಟು ವರ್ಷ ತಡೆದರೆ ಅಷ್ಟು ಲಾಭ. ಆ ವರ್ಷಗಳನ್ನು ಉಳಿಸುವ ಕೆಲಸ ಆಗಬೇಕಾದದ್ದು ಬಾಲ್ಯದಲ್ಲೇ.

ಮಕ್ಕಳ ಬೇರೆ ಮೂಳೆ ತೊಂದರೆಗಳಿಗೆ ಈಗ ದಾರಿ ಸಿಕ್ಕಿದೆ. ಹುಟ್ಟುವಾಗಲೇ ಸೊಟ್ಟಗಿರುವ ಪಾದಕ್ಕೆ ಅಮೆರಿಕದ ಅಯೋವಾದ ಡಾಕ್ಟರ್ ಪೊನ್ಸೆಟಿ ಅವರ ವಿಧಾನ ಇದೆ. ವಾರಕ್ಕೊಮ್ಮೆ ಬದಲಿಸುವ ಐದಾರು ಪ್ಲಾಸ್ಟರ್, ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸುವ ಒಂದು ಸಣ್ಣ ಗಾಯ, ಆಮೇಲೆ ಕಂಬಿ ಜೋಡಿಸಿದ ಬೂಟು: ಮೊದಲ ಮೂರು ತಿಂಗಳು ಹೆಚ್ಚುಕಮ್ಮಿ ಇಡೀ ದಿನ, ನಂತರ ನಾಲ್ಕು ವರ್ಷ ತುಂಬುವವರೆಗೆ ಮಲಗುವ ಹೊತ್ತು. ಮಗು ಓಡುತ್ತದೆ. ಹುಟ್ಟಿದಾಗಲೇ ಜಾರಿದ ಸೊಂಟಕ್ಕೆ, ಆರು ತಿಂಗಳೊಳಗೆ ಗೊತ್ತಾದರೆ, ಬಟ್ಟೆಯ ಪಟ್ಟಿಯಲ್ಲೇ ಸರಿಹೋಗುವ ಅವಕಾಶ ಚೆನ್ನಾಗಿರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಎರಡೂ ಇವೆ. ತಂಡದವರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ನೋಡಬೇಕು ಅನ್ನುವುದು ನಿಯಮ.

ಹಂದಿಗೋಡು ಕಾಯಿಲೆ ಈ ಬಲೆಯಿಂದ ನುಣುಚಿಕೊಳ್ಳುವುದು ಸುಲಭ. ಹುಟ್ಟಿದಾಗ ಮಗು ಚೆನ್ನಾಗೇ ಕಾಣುತ್ತದೆ. ಆಮೇಲೆ ನಡಿಗೆ ಸ್ವಲ್ಪ ಓಲಾಡುತ್ತದೆ. ಕಾಲುಸಂಕ ದಾಟುವಾಗ ಉಳಿದವರಿಗಿಂತ ಹಿಂದೆ ಉಳಿಯುತ್ತದೆ. ಸೋಮಾರಿ ಅಂತ ಬೈಯುತ್ತಾರೆ. ನೋವು ಜೋರಾಗಿ ಎಕ್ಸ್‌ರೇ ತೆಗೆಸುವಷ್ಟರಲ್ಲಿ ಬೆಳವಣಿಗೆಯ ವರ್ಷಗಳು ಮುಗಿದಿರುತ್ತವೆ. ಯಾವ ಮನೆಯ ಮಕ್ಕಳನ್ನು ನೋಡಬೇಕು ಅನ್ನುವುದು ಮಾತ್ರ ದಶಕಗಳ ಹಿಂದೆಯೇ ಬರೆದಿಟ್ಟ ವಂಶವೃಕ್ಷಗಳಲ್ಲಿದೆ. ಆ ಕಾಗದದಿಂದ ಅಂಗನವಾಡಿಯ ರಿಜಿಸ್ಟರಿಗೆ ಹೆಸರು ಇಳಿಸುವುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ನೋಡುವುದೂ ಸಾಗರದಲ್ಲೇ ಆದರೆ ಒಳ್ಳೆಯದು. ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್ ಹೋಗಿ ಬರುವುದೆಂದರೆ ಅಮ್ಮನ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ.

ಕಾನೂನಿನ ಕಡೆ ಒಂದು ಹೆಜ್ಜೆ ಮುಂದೆ ಹೋಗಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಕುಬ್ಜತೆಯ ಹೆಸರಿರಲಿಲ್ಲ. 2016ರ ಕಾಯ್ದೆಯಲ್ಲಿ ಸೇರಿತು. ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಕುಬ್ಜತೆ. ಆದರೆ ಎತ್ತರ ಸರಿಯಾಗಿದ್ದು ಸೊಂಟದ ಕೀಲು ಮಾತ್ರ ಸವೆಯುತ್ತಿರುವ ಹುಡುಗ, ಹುಡುಗಿಗೆ ಈ ಅಳತೆಯಿಂದ ಉಪಯೋಗವಿಲ್ಲ. ಕೀಲಿನ ಚಲನೆ ಎಷ್ಟು ಕಮ್ಮಿಯಾಗಿದೆ ಅಂತೆಲ್ಲ ಅಳೆಸಿಕೊಂಡು ಅಂಗವೈಕಲ್ಯ ಕನಿಷ್ಠ ಶೇಕಡಾ 40 ಇದೆ ಅಂತಾಗಬೇಕು. ಮೀಸಲಾತಿಯಂಥ ಸೌಲಭ್ಯ ಸಿಗುವುದು ಆಮೇಲೆಯೇ. ಅಂದರೆ ಕೀಲು ಅಷ್ಟು ಕೆಡುವ ತನಕ ಕಾಯಬೇಕು.