ಕೊಡಗಿನ ಕೋವಿ ವಿನಾಯಿತಿ: 1857ರಿಂದ 2029ರವರೆಗೆ

1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದಾಗ ಬ್ರಿಟಿಷ್ ಪಡೆ ಊರಿಗೆ ಬೆಂಕಿ ಹಚ್ಚಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಅದೇ ವರ್ಷ ಜಾರಿಯಾಗಿದ್ದ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿದ್ದೇ ಅವರ ಅಪರಾಧ. ನಾಲ್ಕು ವರ್ಷ ತುಂಬುವ ಮೊದಲೇ, 1861ರ ಫೆಬ್ರವರಿಯಲ್ಲಿ, ಮೈಸೂರು ಮತ್ತು ಕೊಡಗಿನ ಆಡಳಿತ ನಡೆಸುತ್ತಿದ್ದ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಮೆಚ್ಚಿ ಅವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟರು. ಆಯುಧ ಯಾರ ಕೈಯಲ್ಲಿರಬೇಕೆಂಬುದನ್ನು ಆಳುವವರ ನಂಬಿಕೆಯೇ ತೀರ್ಮಾನಿಸುತ್ತಿದ್ದ ಕಾಲವದು.

ವೈಸ್‌ರಾಯ್ ಲಾರ್ಡ್ ಲಿಟ್ಟನ್ ಆಡಳಿತದ 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಈ ತಾರತಮ್ಯ ಇನ್ನಷ್ಟು ಬಲವಾಯಿತು. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯವಾದರೆ ಯುರೋಪಿಯನ್ನರಿಗೆ ವಿನಾಯಿತಿ ದೊರೆಯಿತು. ಈ ಅವಮಾನದ ನೆನಪಿದ್ದುದರಿಂದಲೇ 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸಂವಿಧಾನ ಅದನ್ನು ಉಳಿಸಿಕೊಳ್ಳಲಿಲ್ಲ. ನಿರಾಯುಧರಾಗಿ ಶಾಂತಿಯುತವಾಗಿ ಸೇರುವ ಹಕ್ಕನ್ನಷ್ಟೇ ಕೊಟ್ಟು, ಶಸ್ತ್ರಾಸ್ತ್ರದ ವಿಷಯವನ್ನು ಸಂಸತ್ತು ಮಾತ್ರ ಕಾನೂನು ಮಾಡಬಹುದಾದ ಕೇಂದ್ರಪಟ್ಟಿಯಲ್ಲಿಟ್ಟಿತು. ಆದ್ದರಿಂದ ಅಮೆರಿಕದಲ್ಲಿರುವಂತೆ ರಾಜ್ಯಕ್ಕೊಂದು ಬಂದೂಕು ಕಾನೂನು ನಮ್ಮಲ್ಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯೇ ದೇಶಕ್ಕೆಲ್ಲ ಅನ್ವಯ.

ಆ ಕಾಯ್ದೆಯ 41ನೇ ಕಲಂ ಸಾರ್ವಜನಿಕ ಹಿತದೃಷ್ಟಿಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುತ್ತಿರುವುದು ಇದರ ಬಲದಿಂದಲೇ. ಜಮ್ಮಾ ಎಂದರೆ ಸೈನಿಕ ಸೇವೆಗೆ ಪ್ರತಿಯಾಗಿ ಬಂದ ವಂಶಪಾರಂಪರ್ಯದ ಭೂಮಿ. ಅದನ್ನು ಹೊಂದಿರುವ ಇತರ ಸಮುದಾಯದವರೂ ಈ ಸೌಲಭ್ಯಕ್ಕೆ ಅರ್ಹರು ಎಂಬುದು ಜಿಲ್ಲೆಯ ಹೊರಗೆ ಅನೇಕರಿಗೆ ತಿಳಿದಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಆಯುಧಗಳನ್ನು ತೊಳೆದು, ಹೂವಿಟ್ಟು ಪೂಜಿಸಿದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ. ಗಂಡು ಮಗು ಹುಟ್ಟಿದರೆ ಒಂದು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಳೆಯ ಪದ್ಧತಿ.

ಉಳಿದವರ ಪಾಲಿಗೆ ಕಾನೂನು ಕಠಿಣವಾಗುತ್ತ ಬಂದಿದೆ. ಲೈಸೆನ್ಸ್ ಇಲ್ಲದೆ ಬಂದೂಕು ಹೊಂದಿದರೆ ಅಥವಾ ಒಯ್ದರೆ ಮೊದಲು ಒಂದರಿಂದ ಮೂರು ವರ್ಷ ಇದ್ದ ಜೈಲು ಶಿಕ್ಷೆಯನ್ನು 2019ರ ಡಿಸೆಂಬರಿನ ತಿದ್ದುಪಡಿ ಎರಡರಿಂದ ಐದು ವರ್ಷಕ್ಕೆ ಏರಿಸಿತು. ಜೊತೆಗೆ ದಂಡವೂ ಉಂಟು. ಸ್ವಯಂಚಾಲಿತ ಬಂದೂಕಿನಂತಹ ನಿಷೇಧಿತ ಆಯುಧವಾದರೆ ಕನಿಷ್ಠ ಏಳು, ಗರಿಷ್ಠ 14 ವರ್ಷ. ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು.

ಅದಕ್ಕೂ ಎರಡು ತಿಂಗಳ ಹಿಂದಷ್ಟೇ ಕೇಂದ್ರವು ಕೊಡಗಿನ ವಿನಾಯಿತಿಯನ್ನು ನವೀಕರಿಸಿ, ಅದಕ್ಕೆ 2029ರ ಅಕ್ಟೋಬರ್ 31ರ ಗಡುವು ಹಾಕಿತ್ತು. ಜನಾಂಗ ಮತ್ತು ಭೂಹಿಡುವಳಿಯ ಆಧಾರದ ಈ ವಿನಾಯಿತಿ ಸಮಾನತೆಗೆ ವಿರುದ್ಧವೆಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾದಾಗ, ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಅದನ್ನು ವಜಾಗೊಳಿಸಿತು. ಸ್ವಾತಂತ್ರ್ಯಪೂರ್ವದಿಂದ ಬಂದ ಈ ಸೌಲಭ್ಯ ಅನಿರ್ದಿಷ್ಟ ಕಾಲಕ್ಕಲ್ಲ, ಹತ್ತು ವರ್ಷಕ್ಕೆ ಮಾತ್ರ ಎಂಬುದನ್ನು ನ್ಯಾಯಾಲಯ ಗಮನಿಸಿತು. ವಿನಾಯಿತಿ ಮುಂದುವರಿಯಬೇಕೆಂಬುದೇ ಈ ಲೇಖಕನ ನಿಲುವೂ ಹೌದು. ಆದರೆ ವಸಾಹತು ಸರ್ಕಾರಕ್ಕೆ ತೋರಿದ ನಿಷ್ಠೆ ಸ್ವತಂತ್ರ ದೇಶದಲ್ಲಿ ಅದಕ್ಕೆ ಆಧಾರವಾಗಲಾರದು. ಆಚರಣೆಯೊಂದಿಗೆ ಬೆಸೆದ ಹೊಣೆಗಾರಿಕೆಯೇ ಆಧಾರವೆಂದು ಮುಂದಿನ ಅಧಿಸೂಚನೆ ಸ್ಪಷ್ಟವಾಗಿ ಹೇಳಬೇಕು.

ಆ ಹೊಣೆಗಾರಿಕೆಗೆ ಈಗಲೂ ಕಾನೂನಿನ ಎಲ್ಲೆಗಳಿವೆ. ವಿನಾಯಿತಿ ಇರುವುದು ಲೈಸೆನ್ಸ್ ಪಡೆಯುವುದರಿಂದ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೇಟೆ ನಿಷೇಧ ಕೊಡವರಿಗೂ ಅನ್ವಯಿಸುತ್ತದೆ. ಸಂಭ್ರಮದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ವಿನಾಯಿತಿ ವ್ಯಕ್ತಿಗೆ ಸೇರಿದ್ದೇ ಹೊರತು ಕೋವಿಗಲ್ಲ. ಕಾಡುಹಂದಿ ಓಡಿಸಲೆಂದು ಮಾಲೀಕರ ಕೋವಿ ಹಿಡಿದು ತೋಟಕ್ಕೆ ಹೋಗುವ ಕಾರ್ಮಿಕನಿಗೆ ಸ್ವಂತ ಅರ್ಹತೆಯಾಗಲಿ ಲೈಸೆನ್ಸಾಗಲಿ ಇಲ್ಲದಿದ್ದರೆ, ಸಿಕ್ಕಿಬಿದ್ದಾಗ ಆತ ಎದುರಿಸಬೇಕಾದದ್ದು ಅದೇ ಎರಡರಿಂದ ಐದು ವರ್ಷದ ಶಿಕ್ಷೆಯನ್ನು.