ಹಳೇ ಐಪಿಸಿ ಪುಸ್ತಕ ಎಸೆಯಬೇಡಿ

2024ರ ಜುಲೈ 1ಕ್ಕೆ ಐಪಿಸಿಯ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅವತ್ತಿನಿಂದ ನಮ್ಮ ಕಾನೂನು ಗ್ರಂಥಾಲಯದಲ್ಲಿ ಒಂದೇ ಪ್ರಶ್ನೆ. 'ಐಪಿಸಿ ಹೋಯ್ತಲ್ಲ ಸರ್, ಆ ರ‍್ಯಾಕ್ ಖಾಲಿ ಮಾಡಬಹುದಲ್ವಾ?' ವಿದ್ಯಾರ್ಥಿಗಳು ಕೇಳಿದರೆ ಕೂರಿಸಿಕೊಂಡು ಹೇಳುತ್ತೇನೆ. ಸ್ಟಾಕ್ ವೆರಿಫಿಕೇಶನ್‌ಗೆ ಬಂದವರೋ ಪಾಠ ಮಾಡುವವರೋ ಕೇಳಿದರೆ ಮಾತ್ರ ನಿಜಕ್ಕೂ ಸಿಟ್ಟು ಬರುತ್ತದೆ.

ಒಂದು ಕಾನೂನು ರದ್ದಾಯಿತು ಅಂದರೆ ಅವತ್ತಿನಿಂದ ಮುಂದಕ್ಕೆ ರದ್ದಾಯಿತು ಅಂತ. ಅದಕ್ಕೂ ಹಿಂದೆ ನಡೆದದ್ದಕ್ಕೆ ಅದೇ ಕಾನೂನು. 2024ರ ಜೂನ್ 30ರ ರಾತ್ರಿ 11 ಗಂಟೆಗೆ ಒಂದು ಕೊಲೆ ಆಯಿತು ಅಂತಿಟ್ಟುಕೊಳ್ಳಿ. ಆರೋಪಿ ಸಿಕ್ಕಿದ್ದು ಹತ್ತು ವರ್ಷದ ನಂತರ. ಆಗಲೂ ಆರೋಪ ಐಪಿಸಿ 302ರ ಅಡಿಯಲ್ಲೇ. ಅದೇ ಕೊಲೆ ಎರಡು ಗಂಟೆ ತಡವಾಗಿ ಆಗಿದ್ದರೆ ಹೊಸ ಸಂಹಿತೆಯ 103. ದೂರು ಕೊಟ್ಟ ದಿನ ನೋಡಬೇಡಿ, ಆರೋಪಿ ಸಿಕ್ಕ ದಿನ ನೋಡಬೇಡಿ, ತೀರ್ಪಿನ ದಿನವನ್ನೂ ನೋಡಬೇಡಿ. ಕೃತ್ಯ ನಡೆದ ದಿನ ನೋಡಿ. ಸಂವಿಧಾನದ 20(1)ನೇ ವಿಧಿ ಹೇಳುವುದೂ ಇದನ್ನೇ. ಆಗ ಅಪರಾಧ ಅಲ್ಲದ್ದಕ್ಕೆ ಈಗ ಶಿಕ್ಷೆ ಕೊಡುವಂತಿಲ್ಲ, ಆಗ ಇದ್ದದ್ದಕ್ಕಿಂತ ಜಾಸ್ತಿ ಶಿಕ್ಷೆಯನ್ನೂ ಕೊಡುವಂತಿಲ್ಲ. ಹೊಸ ಸಂಹಿತೆಯ 358ನೇ ಕಲಮೇ ಹಳೆಯ ಕೇಸುಗಳಿಗೆ ಐಪಿಸಿಯನ್ನು ಉಳಿಸಿಕೊಟ್ಟಿದೆ. ಅಂದಹಾಗೆ ಸಂಹಿತೆಯಲ್ಲೂ 302 ಇದೆ. ಅದು ಧಾರ್ಮಿಕ ಭಾವನೆಗೆ ನೋವಾಗಲಿ ಅಂತ ಆಡಿದ ಮಾತಿಗೆ! ಹಳೇ ತೀರ್ಪು ಓದುವಾಗ ಪಕ್ಕದಲ್ಲಿ ಹೊಸ ಪುಸ್ತಕ ಮಾತ್ರ ಇದ್ದರೆ ಏನಾಗುತ್ತದೆ ಯೋಚಿಸಿ.

ವಿಚಾರಣೆಯ ಕ್ರಮಕ್ಕೆ, ಸಾಕ್ಷ್ಯಕ್ಕೆ ಲೆಕ್ಕ ಸ್ವಲ್ಪ ಬೇರೆ. ಅದನ್ನು ನಿಮ್ಮ ವಕೀಲರ ಹತ್ತಿರ ಕೇಳಿ. ನಾನು ಪುಸ್ತಕ ಕೊಡಬಲ್ಲೆ, ಸಲಹೆ ಕೊಡುವುದು ನನ್ನ ಕೆಲಸ ಅಲ್ಲ.

'ಎಲ್ಲ ಆನ್‌ಲೈನ್‌ನಲ್ಲಿದೆ' ಅನ್ನುವುದು ಇನ್ನೊಂದು ಮಾತು. ತೀರ್ಪುಗಳ ಮಟ್ಟಿಗೆ ಬಹುಪಾಲು ನಿಜ. ಸುಪ್ರೀಂ ಕೋರ್ಟ್ ತನ್ನ ವರದಿಗಳನ್ನು 2023ರಿಂದ ಉಚಿತವಾಗಿ ಕೊಡುತ್ತಿದೆ, ನಾನೂ ದಿನವೂ ಬಳಸುತ್ತೇನೆ. ಕಾಯ್ದೆಯ ಪಠ್ಯದಲ್ಲಿ ಹಾಗಲ್ಲ. ವೆಬ್‌ಸೈಟುಗಳು ಸಾಮಾನ್ಯವಾಗಿ ತೋರಿಸುವುದು ಕೊನೆಯ ತಿದ್ದುಪಡಿ ಆದ ಮೇಲಿನ ರೂಪ. ಅತ್ಯಾಚಾರಕ್ಕೆ ಶಿಕ್ಷೆ ಹೇಳುವ ಐಪಿಸಿ 376 ತೆಗೆದುಕೊಳ್ಳಿ. 2013ಕ್ಕೆ ಮೊದಲು ಕನಿಷ್ಠ ಶಿಕ್ಷೆ 7 ವರ್ಷ, ವಿಶೇಷ ಕಾರಣ ಬರೆದು ನ್ಯಾಯಾಲಯ ಕಡಿಮೆ ಮಾಡಬಹುದಿತ್ತು. 2013ರ ತಿದ್ದುಪಡಿ ಆ ಅವಕಾಶ ತೆಗೆಯಿತು. 2018ರಲ್ಲಿ ಕನಿಷ್ಠ 10 ವರ್ಷ ಆಯಿತು. 2012ರ ಘಟನೆಯ ಮೇಲ್ಮನವಿ ಓದುವವರಿಗೆ 2012ರ ಬೇರ್ ಆ್ಯಕ್ಟ್, ಅಂದರೆ ವ್ಯಾಖ್ಯಾನವಿಲ್ಲದೆ ಕಾಯ್ದೆಯ ಪಠ್ಯವಷ್ಟೇ ಇರುವ ಪುಸ್ತಕ, ಬೇಕು. ಅದು ತೆಳ್ಳಗೆ, ಅಗ್ಗದ ಕಾಗದದ್ದು. ಹೊಸ ಎಡಿಷನ್ ಬಂದ ಕೂಡಲೇ ಎಲ್ಲರೂ ಮೊದಲು ಎಸೆಯುವುದು ಅದನ್ನೇ.

ಕರ್ನಾಟಕದಲ್ಲಂತೂ ಈ ಗಂಟು ಇನ್ನೂ ಬಿಗಿ. 1956ಕ್ಕೆ ಮುಂಚೆ ನಮ್ಮ ಜಿಲ್ಲೆಗಳು ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಅಂತ ಹಂಚಿಹೋಗಿದ್ದವು. ರಾಜ್ಯ ಒಂದಾದ ದಿನವೇ ಕಾನೂನು ಒಂದಾಗಲಿಲ್ಲ. ಧಾರವಾಡದ ಹಳೇ ಜಮೀನು ದಾಖಲೆಗೆ 1879ರ ಬಾಂಬೆ ಭೂಕಂದಾಯ ಸಂಹಿತೆ ಬೇಕು, ಹಾಸನದ್ದಕ್ಕೆ 1888ರ ಮೈಸೂರಿನದು.

ಒಮ್ಮೆ ತಾಲ್ಲೂಕು ಕೋರ್ಟಿನಿಂದ ಒಬ್ಬ ಹುಡುಗ ವಕೀಲರು ಬಂದರು. ಹಳೇ ಮೈಸೂರು ಸೀಮೆಯ ಮನೆ, ಪಾಲಿನ ದಾವೆ. ಆಸ್ತಿ ಪಾಲಾಗಿದ್ದು 1950ರ ಆಸುಪಾಸಿನಲ್ಲಿ. ಅವರ ಕೈಯಲ್ಲಿ 2005ರ ತಿದ್ದುಪಡಿ ಸೇರಿದ ಹಿಂದೂ ಉತ್ತರಾಧಿಕಾರ ಕಾಯ್ದೆ ಇತ್ತು. ಆ ಕಾಯ್ದೆ ಬಂದದ್ದೇ 1956ರ ಜೂನ್‌ನಲ್ಲಿ! ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತೆಗೆದುಕೊಟ್ಟೆ. ಮನೆಯ ಆಸ್ತಿ ಪಾಲಾಗುವಾಗ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಕೊಟ್ಟ ಕಾನೂನು ಅದು. ಅವರು ಕುರ್ಚಿ ಹುಡುಕಲಿಲ್ಲ, ರ‍್ಯಾಕ್ ಪಕ್ಕದಲ್ಲೇ ನೆಲದ ಮೇಲೆ ಕೂತು ಓದಿದರು. ಕೇಸು ಏನಾಯಿತೋ ಗೊತ್ತಿಲ್ಲ. ಮುಂದಿನ ವಾರ ಮೈಸೂರು ಹೈಕೋರ್ಟಿನ ತೀರ್ಪುಗಳನ್ನು ಹುಡುಕಿಕೊಂಡು ಮತ್ತೆ ಬಂದರು. ಇಂಥವರು ಬಂದರೆ ನನಗೆ ಊಟದ ಹೊತ್ತೂ ಮರೆತುಹೋಗುತ್ತದೆ.

ಹಾಗಂತ ಎಲ್ಲವನ್ನೂ ಇಟ್ಟುಕೊಳ್ಳಿ ಅನ್ನುತ್ತಿಲ್ಲ. ಜಾಗ ಯಾವ ಗ್ರಂಥಾಲಯದಲ್ಲೂ ಸಾಲದು. ಪರೀಕ್ಷೆಯ ಗೈಡುಗಳು, ಒಂದೇ ಎಡಿಷನ್ನಿನ ಏಳೆಂಟು ಪ್ರತಿಗಳು ಹೋಗಲಿ. ಚರ್ಮದ ಬೈಂಡು ಪುಡಿಯಾಗಿ ಮುಟ್ಟಿದರೆ ಕೈಗೆ ಕೆಂಪು ಧೂಳು ಮೆತ್ತುವ ಸಂಪುಟಗಳಿರುತ್ತವಲ್ಲ, ಅವುಗಳ ಹೊದಿಕೆ ನೋಡಿ ತೀರ್ಮಾನ ಮಾಡಬೇಡಿ. ಒಳಗಿನ ಹಾಳೆ ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ರೈಟ್ ಆಫ್ ಪಟ್ಟಿಗೆ, ಅಂದರೆ ಲೆಕ್ಕದಿಂದ ತೆಗೆದುಹಾಕುವ ಪುಸ್ತಕಗಳ ಪಟ್ಟಿಗೆ, ಹಾಕುವ ಮುಂಚೆ ಹಿಂಬದಿಯ ಹಾಳೆಗಳನ್ನೂ ತೆರೆಯಿರಿ. ಹಿಂದಿನವರು ತಿದ್ದುಪಡಿಯ ಚೀಟಿಗಳನ್ನು ದಿನಾಂಕದ ಸಮೇತ ಅಲ್ಲಿ ಅಂಟಿಸಿಟ್ಟಿರುತ್ತಾರೆ.

ಮನೆಯಲ್ಲಿ ಹಿರಿಯ ವಕೀಲರೊಬ್ಬರ ಪುಸ್ತಕ ಉಳಿದಿದ್ದರೆ ಗುಜರಿಯವರನ್ನು ಕರೆಯುವ ಮೊದಲು ಹತ್ತಿರದ ಕಾನೂನು ಕಾಲೇಜಿಗೆ ಒಂದು ಫೋನ್ ಮಾಡಿ. ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಎಂಬ ತೀರ್ಪುಗಳ ಸಂಪುಟಗಳು ಸಾಮಾನ್ಯವಾಗಿ ಎಲ್ಲ ಕಡೆ ಇರುತ್ತವೆ, ಅವು ಬೇಡ ಅನ್ನಬಹುದು. ಬೇಸರ ಮಾಡಿಕೊಳ್ಳಬೇಡಿ. ಆದರೆ 1956ಕ್ಕೆ ಮುಂಚಿನ ಮೈಸೂರು ಕಾಯ್ದೆಗಳು, ಹಳೇ ಗೆಜೆಟ್, ಹರಿದ ಬೇರ್ ಆ್ಯಕ್ಟ್ ಇದ್ದರೆ ಅದನ್ನು ಹೆಸರು, ಇಸವಿ ಸಮೇತ ಹೇಳಿ.